ಗೋಡೆ ಇಲ್ಲದ ಫೈನಲ್

ಸ್ವಂತ ತಂಡ ಸೋಲಲಿ ಎಂದು ಬಯಸುವುದು ತಪ್ಪೇ? ಸೋತರೆ ತಾನೇ ಕ್ಲಬ್ಬಿನವರಿಗೆ ಬುದ್ಧಿ ಬರುವುದು? ಹಾಗಿದ್ದರೆ ಟೀವಿಯಲ್ಲಿ ಎದುರಾಳಿಗಳು ಚೆಂಡಿನೊಂದಿಗೆ ನುಗ್ಗಿದಾಗಲೆಲ್ಲ ತನ್ನ ಕಾಲು ಯಾಕೆ ಅಡ್ಡ ಹಾಕಲು ತಾನಾಗಿಯೇ ಚಾಚಿಕೊಳ್ಳುತ್ತದೆ? ಅಕ್ಕನ ಮನೆಯ ಸೋಫಾದ ತುದಿಯಲ್ಲಿ ಕೂತು ಅವನು ಉತ್ತರಕ್ಕಾಗಿ ತಡಕಾಡುತ್ತಿದ್ದ. ರಕ್ಷಣೆಯ ಸಾಲಿನ ನಡುವೆ ನಿಂತು ಯಾರನ್ನೂ ದಾಟಗೊಡದ ಅವನನ್ನು ಊರಿನ ಜನ ಗೋಡೆ ಎಂದೇ ಕರೆಯುತ್ತಿದ್ದರು. ಇವತ್ತಿನ ಫುಟ್‌ಬಾಲ್ ಫೈನಲ್‌ನಲ್ಲಿ ಗೋಡೆ ಮೈದಾನದಲ್ಲಿರಲಿಲ್ಲ.

ಅವನ ಹಳೆಯ ಕರಾರು ಮುಗಿದಿತ್ತು. ಹೊಸದಕ್ಕೆ ಅವನು ಸಹಿ ಹಾಕಿರಲಿಲ್ಲ. ತಕರಾರು ಹಣದ್ದಲ್ಲ, ಅದರಲ್ಲಿದ್ದ ಒಂದು ಷರತ್ತಿನದು. ಆಡುವಾಗ ಕಾಲು ಮುರಿದರೆ ಕ್ಲಬ್ಬು ಆಟಗಾರನನ್ನು ನಿಂತ ಕಾಲಿನಲ್ಲೇ ಕೈಬಿಡಬಹುದು. ಆಟಗಾರ ಮಾತ್ರ ಕ್ಲಬ್ಬನ್ನು ಬಿಟ್ಟು ಹೋಗುವ ಹಾಗಿಲ್ಲ. ಆ ಒಂದು ಷರತ್ತನ್ನು ಎಲ್ಲರ ಕರಾರಿನಿಂದಲೂ ತೆಗೆಯುವವರೆಗೆ ಬೂಟು ಕಟ್ಟುವುದಿಲ್ಲ ಎಂದು ಹಟ ಹಿಡಿದು ಕೂತಿದ್ದ. ವಕೀಲೆಯಾದ ಅಕ್ಕ ಅವನ ಪರವಾಗಿ ಮಾತುಕತೆ ನಡೆಸುತ್ತಿದ್ದಳು. ಇವತ್ತು ಸೋತರೆ ನಾಳೆ ಅವರೇ ಮನೆ ಬಾಗಿಲಿಗೆ ಬರುತ್ತಾರೆ ಎನ್ನುವುದು ಅವಳ ಲೆಕ್ಕಾಚಾರ. ಆಟದ ತಲೆಬುಡ ಅವಳಿಗೆ ಗೊತ್ತಿರಲಿಲ್ಲ; ಸೋಲು ಬೇಕಾಗಿತ್ತು, ಅಷ್ಟೆ.

ಅವನ ಜಾಗದಲ್ಲಿ ಸ್ಟೆಪ್ನಿ ಆಡುತ್ತಿದ್ದ. ಗೋಡೆಯದೇ ವಯಸ್ಸು, ಒಟ್ಟಿಗೇ ತಂಡ ಸೇರಿದವನು, ವರ್ಷಗಟ್ಟಲೆ ಬೆಂಚಿನ ಮೇಲೆ ಕೂತು ಆ ಹೆಸರು ಸಂಪಾದಿಸಿದವನು. ಅವನ ಕರಾರು ಈ ಪಂದ್ಯದೊಂದಿಗೆ ಮುಗಿಯುತ್ತಿತ್ತು. ಆಡಲು ಒಪ್ಪಿದನೆಂದು ತಿಳಿದ ದಿನ ಗೋಡೆ ಅವನನ್ನು ಬೆನ್ನಿಗೆ ಚೂರಿ ಹಾಕಿದವನು ಎಂದಿದ್ದ. ಆಮೇಲೆ ಇಬ್ಬರ ನಡುವೆ ಮಾತಿರಲಿಲ್ಲ.

ತಂಡದ ಬಲವೆಲ್ಲ ಇದ್ದದ್ದು ಒಂದು ಉಪಾಯದಲ್ಲಿ. ಎದುರಾಳಿ ಉದ್ದಕ್ಕೆ ಚೆಂಡು ಒದೆಯುವ ಮೊದಲೇ ರಕ್ಷಕರು ನಾಲ್ವರೂ ಒಟ್ಟಿಗೆ ಮುಂದೆ ಸರಿಯಬೇಕು. ಆಗ ಅವರ ಬೆನ್ನ ಹಿಂದೆ ಉಳಿದ ಎದುರಾಳಿ ಆಫ್‌ಸೈಡ್. ಅವನು ಗೋಲು ಹೊಡೆದರೂ ಲೆಕ್ಕಕ್ಕಿಲ್ಲ. ಸರಿಯಾದ ಗಳಿಗೆಗೆ ‘ಮುಂದೆ’ ಎಂದು ಕೂಗುವುದು ಗೋಡೆಯ ಕೆಲಸ. ಇವತ್ತು ಸ್ಟೆಪ್ನಿ ಕೂಗುತ್ತಿದ್ದ, ಪ್ರತಿ ಸಲವೂ ಒಂದು ಉಸಿರು ತಡವಾಗಿ. ವಿರಾಮಕ್ಕೆ ಮೊದಲೇ ಒಂದು ಗೋಲು ಬಿತ್ತು. ಅಕ್ಕ ಚಪ್ಪಾಳೆ ತಟ್ಟಿದಳು. ತಮ್ಮನ ಮುಖ ನೋಡಿ ಕೈ ಇಳಿಸಿದಳು.

ವಿರಾಮದಲ್ಲಿ ಫೋನ್ ಬಡಿದುಕೊಂಡಿತು.

“ಟಾಯ್ಲೆಟ್‌ನಿಂದ ಮಾತಾಡ್ತಿದೀನಿ ಕಣೋ,” ಸ್ಟೆಪ್ನಿ ಪಿಸುಗುಟ್ಟಿದ. “ಬೈಯೋದಿದ್ರೆ ಆಮೇಲೆ ಬೈ. ನೀನು ಏನು ನೋಡಿ ಕೂಗ್ತೀಯ? ಒದೆಯೋನು ಕಾಲು ಎತ್ತಿದ ಕೂಡ್ಲೇ ಕೂಗ್ತಿದೀನಿ, ಆದ್ರೂ ತಡ ಆಗ್ತಿದೆ.”

ಅಕ್ಕ ಬೇಡ ಎಂದು ತಲೆಯಾಡಿಸಿದಳು. ಗೋಡೆ ಫೋನನ್ನು ಕಿವಿಗೊತ್ತಿಕೊಂಡ. ಆ ಕಡೆ ನಲ್ಲಿಯಿಂದ ನೀರು ಸುರಿಯುವ ಸದ್ದು. ಇನ್ನಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ನಾಳೆ ಆ ಷರತ್ತು ಹೋದಂತೆಯೇ.

“ಕಾಲು ನೋಡ್ಬೇಡ,” ಎಂದ ಕೊನೆಗೆ. “ತಲೆ ನೋಡು. ಉದ್ದಕ್ಕೆ ಒದೆಯೋನು ಮೊದ್ಲು ತಲೆ ತಗ್ಗಿಸಿ ಚೆಂಡು ನೋಡ್ಕೊಳ್ತಾನೆ. ತಲೆ ತಗ್ಗಿತೋ, ಕೂಗು.”

ಫೋನ್ ಕೆಳಗಿಟ್ಟಾಗ ಅಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. “ಬಂಗಾರದಂಥ ಕೇಸು ಕಣೋ. ನೀನೇ ಹೋಗಿ ಎದುರು ಪಾರ್ಟಿಗೆ ಸಾಕ್ಷಿ ಹೇಳಿ ಬಂದೆಯಲ್ಲ.”

ಆಟ ಮತ್ತೆ ಶುರುವಾಗಿ ಸ್ವಲ್ಪ ಹೊತ್ತಿಗೆ ಎದುರಾಳಿಯ ನಾಯಕ ತಲೆ ತಗ್ಗಿಸಿದ. ಸ್ಟೆಪ್ನಿಯ ಬಾಯಿ ತೆರೆಯಿತು. ನಾಲ್ವರೂ ಒಂದೇ ದಾರಕ್ಕೆ ಕಟ್ಟಿದವರಂತೆ ಮುಂದೆ ಜಿಗಿದರು. ಲೈನ್ಸ್‌ಮನ್ ಆಫ್‌ಸೈಡ್ ಎಂದು ಬಾವುಟ ಎತ್ತಿದ. ಗೋಡೆಗೆ ಮೈ ಜುಮ್ಮೆಂದಿತು. ಮತ್ತೊಮ್ಮೆ ಬಾವುಟ, ಇನ್ನೊಮ್ಮೆ ಬಾವುಟ. ತಂಡಕ್ಕೆ ಜೀವ ಬಂತು. ಒಂದು ಗೋಲು ತೀರಿಸಿದರು, ಅದರ ಬೆನ್ನಿಗೇ ಕಾರ್ನರ್‌ನಿಂದ ಇನ್ನೊಂದು. ಅವನು ಯಾವಾಗ ಸೋಫಾ ಹತ್ತಿ ನಿಂತನೋ ಅವನಿಗೇ ತಿಳಿಯದು. ಅಕ್ಕನೂ ಎದ್ದು ನಿಂತು, ಪರದೆಯ ಮೇಲೆ ಯಾರ ತಲೆ ತಗ್ಗಿದರೂ ‘ಮುಂದೆ’ ಎಂದು ಕೂಗತೊಡಗಿದ್ದಳು. ರೆಫರಿ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದಾಗಲೂ ಕೂಗಿದಳು. ಕೊನೆಯ ಗಳಿಗೆಯಲ್ಲಿ ಎದುರಾಳಿಗಳು ಚೆಂಡನ್ನು ಬಲೆಗೆ ಸೇರಿಸಿ ಕುಣಿಯತೊಡಗಿದರು. ಕ್ಯಾಮೆರಾ ಮೆಲ್ಲಗೆ ಹೊರಳಿತು. ಬಾವುಟ ಮೇಲಿತ್ತು. ಅದರ ಕಡೆ ನೋಡದೆಯೇ ಸ್ಟೆಪ್ನಿ ಆಗಲೇ ಕೈ ಎತ್ತಿ ನಿಂತಿದ್ದ. ಅಕ್ಕ ತಮ್ಮ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು.

ಕುಣಿದು ಸುಸ್ತಾದ ಮೇಲೆ ನೋಡಿದರೆ ಟೀವಿಯಲ್ಲಿ ಕ್ಲಬ್ಬಿನ ಮ್ಯಾನೇಜರ್. ಯಾರು ಬಂದರೂ ಬರದಿದ್ದರೂ ಆಟ ನಿಲ್ಲುವುದಿಲ್ಲ, ಮನೆಯಲ್ಲಿ ಕೂತವರು ಆರಾಮಾಗಿ ಕೂತೇ ಇರಲಿ ಎಂದು ನಗುತ್ತಾ ಹೇಳುತ್ತಿದ್ದ. ಅಕ್ಕ ಟೀವಿ ಆರಿಸಿದಳು.

ಸ್ಟೆಪ್ನಿ ಮತ್ತೆ ಫೋನ್ ಮಾಡಿದಾಗ ಹಿಂದೆ ಬಸ್ಸಿನಲ್ಲಿ ಎಲ್ಲರೂ ಕಿರುಚಿ ಹಾಡುತ್ತಿದ್ದರು. ಅವನ ಗಂಟಲು ಕೂಗಿ ಕೂಗಿ ಒಡೆದುಹೋಗಿತ್ತು.

“ನಾಳೆ ಸಹಿ ಹಾಕೋಕೆ ಕರೆದಿದ್ದಾರೆ ಕಣೋ. ನಿನ್ನ ಜಾಗಕ್ಕೆ ನನ್ನನ್ನೇ ಇಟ್ಕೊಳ್ತಾರಂತೆ.” ದನಿ ತಗ್ಗಿಸಿದ. “ಅದೇ ಕರಾರು. ಆ ಷರತ್ತು ಹಾಗೇ ಇದೆ. ನೀನೇನು ಹೇಳ್ತೀಯ?”

ಗೋಡೆ ಅಕ್ಕನ ಕಡೆ ನೋಡಿದ. ಈ ಸಲ ಅವಳು ತಲೆಯಾಡಿಸಲಿಲ್ಲ, ಕಿಟಕಿಯತ್ತ ತಿರುಗಿಕೊಂಡಳು. ತಾನು ಬೇಡವೆಂದರೆ ಸ್ಟೆಪ್ನಿ ಸಹಿ ಹಾಕದೆ ಬಿಟ್ಟುಬಿಡುತ್ತಾನೆ ಎಂಬುದು ಅವನಿಗೆ ಆ ಒಡೆದ ಗಂಟಲಿನಲ್ಲೇ ಗೊತ್ತಾಗಿತ್ತು.

ಕೊನೆಯ ಕೂಗು ತನ್ನದಕ್ಕಿಂತ ಚೆನ್ನಾಗಿತ್ತು ಎಂದು ಹೇಳಿದ. ಬಿಸಿನೀರು ಕುಡಿದು ಬೇಗ ಮಲಗು ಎಂದು ಹೇಳಿದ. ಸಹಿ ಹಾಕಬೇಡ ಎಂದು ಅವನು ಹೇಳಲಿಲ್ಲ.