ಕಲ್ಲಮ್ಮನ ಎಡಗಿವಿ

ಮೂರ್ತಿಗೆ ಹೊದಿಸಿದ್ದ ಗೋಣಿಚೀಲ ಸರಿಸಿದ್ದೇ ತಡ, ಓಂಕಾರೇಶನ ಮುಖ ಇಳಿದುಹೋಯಿತು. ಕಟ್ಟೆಯ ಮೇಲೆ ಕರಿಕಲ್ಲಿನ ಅಜ್ಜಿ ಅವನನ್ನೇ ನೋಡುತ್ತ ಕೂತಿದ್ದಳು. ಹಣೆಗೆ ಮೂರು ಬೆರಳ ವಿಭೂತಿ, ಬಿಗಿದ ತುಟಿ, ಮೊಣಕಾಲ ಮೇಲೆ ಊರಿದ ಕೈ, ಎಲ್ಲ ಸರಿಯಾಗಿತ್ತು. ಆದರೆ ಬಲಗಿವಿ ಬೋಳು, ಬರೀ ತೂತು. ಎಡಗಿವಿಯ ಹಾಲೆಯಂತೂ ಸೀಳಿ ಎರಡಾಗಿ ಜೋತುಬಿದ್ದಿತ್ತು.

"ಇದೇನಮ್ಮ ಮಾಲಿನಿ, ನಮ್ಮಜ್ಜಿ ಕಿವೀನೇ ಕಿತ್ತಾಕಿದೀಯಲ್ಲ!"

"ನಾನೆಲ್ಲಿ ಕಿತ್ತೆ ಸಾರ್? ಅವರೇ ಕಿತ್ಕೊಂಡಿದ್ದು," ಎಂದಳು ಮಾಲಿನಿ, ಉಳಿ ಒರೆಸುತ್ತ.

ಓಂಕಾರೇಶ ಕಡೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟು ಚೆನ್ನಾಗಿ ಕುದುರಿಕೊಂಡವನು. ಊರಿಗೊಂದು ಹೈಸ್ಕೂಲು ಆಗಲು ಕಾರಣಳಾದ ಅಜ್ಜಿ ಕಲ್ಲಮ್ಮನನ್ನು ಅದೇ ಸ್ಕೂಲಿನ ಮುಂದೆ ಕೂರಿಸಬೇಕೆಂದು ಈ ಮೂರ್ತಿ ಮಾಡಿಸಿದ್ದ. ಸೋಮವಾರ ಮಠದ ಸ್ವಾಮಿಗಳಿಂದ ಅನಾವರಣ. ಮೂರ್ತಿ ಮಾಡಿಸುವವರಿಗೆ ಒಂದು ಚಟವಿರುತ್ತದೆ: ಸತ್ತವರು ಬದುಕಿದ್ದಾಗಿನದಕ್ಕಿಂತ ಚೆಂದ ಕಾಣಬೇಕು. ಅಜ್ಜಿಯ ಕಿವಿಗೆ ತೊಡಿಸಲೆಂದು ಇವನು ಅಪ್ಪಟ ಬಂಗಾರದ ಓಲೆಯನ್ನೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಅವನು ಕೊಟ್ಟಿದ್ದ ಫೋಟೋದಲ್ಲಿ ಕಿವಿಯೇ ಇರಲಿಲ್ಲ. ಅಜ್ಜಿಯ ಗಂಡ ಸೆರಗು ಹೊದಿಸಿ ತೆಗೆಸಿದ್ದ ಫೋಟೋ ಅದು. ಮಾಲಿನಿಗೆ ಫೋಟೋ ಬೇಕಿರಲಿಲ್ಲ. ಅವಳು ಅದೇ ಸ್ಕೂಲಿನಲ್ಲಿ ಓದಿದವಳು. ಗೇಟಿನ ಬಳಿ ಕೂತು ತಡವಾಗಿ ಬಂದವರನ್ನು ಗದರಿಸುತ್ತಿದ್ದ ಮುದುಕಿಯನ್ನು, ನಿನ್ನ ಕಿವಿಗೇನಾಯ್ತಜ್ಜಿ ಎಂದು ಕೇಳಿಯೇ ಬಿಟ್ಟಿದ್ದಳು.

ಆಗಿದ್ದು ಇಷ್ಟೇ. ಸ್ಕೂಲಿಗೆ ಸೂರು ಹಾಕಿಸುವ ಮಾತಿಗೆ ಊರು ಸೇರಿತ್ತು. ಉಳ್ಳವರೆಲ್ಲ ಆಕಾಶ ನೋಡುತ್ತ ಕೂತರು, ಕಲ್ಲಮ್ಮನ ಗಂಡನೂ. ಕಲ್ಲಮ್ಮ ಎದ್ದು ಬಲಗಿವಿಯ ಓಲೆ ಬಿಚ್ಚಿ ಎಲ್ಲರ ನಡುವೆ ಎಸೆದಳು. ಎಡಗಡೆಯದರ ತಿರುಪು ಹಿಡಿದುಹೋಗಿತ್ತು, ಬಿಚ್ಚಲು ಬರಲಿಲ್ಲ. ಕಿತ್ತೇಬಿಟ್ಟಳು. ಸಾಯುವ ತನಕ ಮತ್ತೆ ಕಿವಿಗೆ ಏನೂ ಹಾಕಲಿಲ್ಲ.

"ಅದೆಲ್ಲ ಹಳೇ ಕತೆ ಕಣಮ್ಮ," ಎಂದ ಓಂಕಾರೇಶ. "ನೋಡಿದೋರು ಏನಂತಾರೆ? ಮೊಮ್ಮಗ ಇಷ್ಟ್ ಸಂಪಾದಿಸಿದಾನೆ, ಅಜ್ಜಿಗೊಂದು ಓಲೆಗೆ ಗತಿ ಇಲ್ವಾ ಅನ್ನಲ್ವಾ? ಕಲ್ಲಿನ ಪುಡಿಗೆ ಗಮ್ಮು ಕಲಸಿ ಕಿವಿ ಮೆತ್ತಿಕೊಡು. ಆಗಲ್ಲ ಅನ್ಬೇಡ, ನಂಗೂ ಗೊತ್ತು."

"ಆಗತ್ತೆ ಸಾರ್. ಅರ್ಧ ದಿನದ ಕೆಲಸ. ಮಾಡಲ್ಲ."

"ಏನಂದೆ?"

"ಮಾಡಲ್ಲ ಅಂದೆ. ಅವರು ಕಿತ್ತು ಕೊಟ್ಟಿದ್ದನ್ನ ನಾನು ವಾಪಸ್ ತೊಡಿಸಿಬಿಟ್ರೆ, ಆಯಮ್ಮ ಕೊಟ್ಟಿದ್ದಾದ್ರೂ ಏನು?"

ಓಂಕಾರೇಶನಿಗೆ ರೇಗಿತು. "ಹಂಗಾದ್ರೆ ನೀನೇ ಇಟ್ಕೋ. ನಾಳಿದ್ದಿಗೆ ಫೈಬರ್ ಮೂರ್ತಿ ತಂದು ಕೂರಿಸ್ತೀನಿ, ಎರಡೂ ಕಿವಿ ನೆಟ್ಟಗಿರೋದು. ನಿಮ್ಮಣ್ಣ ದೇವರಾಜ ಆಗಿದ್ರೆ ಹೇಳ್ದಂಗೆ ಕೆತ್ತಿರೋನು."

ಆ ಮಾತು ಚುರುಕ್ಕೆಂದಿತು. ತರೀಕೆರೆಯಲ್ಲಿ ಅಣ್ಣನ ಶೆಡ್ಡಿನೊಳಗೆ ಹದಿನಾಲ್ಕು ವರ್ಷ ಮಾಲಿನಿ ಅವನು ಹೇಳಿದ ಹಾಗೆಯೇ ಕೆತ್ತಿದ್ದಳು. ಕೈ ಅವಳದು, ಪೀಠದಲ್ಲಿ ಹೆಸರು ಅಣ್ಣನದು. ಅಜ್ಜಂಪುರದಿಂದ ದೇವನೂರಿನ ತನಕ ಅವಳ ಬಸವಣ್ಣಗಳಿವೆ, ಆಂಜನೇಯರಿದ್ದಾರೆ. ಕೆತ್ತಿದವಳು ಇವಳೆಂದು ಅವುಗಳ ಪೂಜಾರಿಗಳಿಗೂ ತಿಳಿಯದು. ಜಗಳವಾಡಿ ಹೊರಬಿದ್ದು ಪಂಚನಹಳ್ಳಿಯಲ್ಲಿ ಈ ತಗಡಿನ ಶೆಡ್ಡು ಹಾಕಿಕೊಂಡ ಮೇಲೆ, ಪೀಠದಲ್ಲಿ ತನ್ನ ಹೆಸರು ಕೆತ್ತಿಕೊಂಡ ಮೊದಲ ಮೂರ್ತಿ ಇದು. ಇದು ಸ್ಕೂಲಿನ ಮುಂದೆ ಕೂರದಿದ್ದರೆ ಇನ್ನೊಬ್ಬರು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಆದರೂ ಮಾತು ಬದಲಿಸಲಿಲ್ಲ.

"ಆಯ್ತು ಸಾರ್, ಇಲ್ಲೇ ಇರ್ಲಿ. ರಸ್ತೆ ಕಡೆ ಮುಖ ಮಾಡಿ ಕೂರಿಸ್ತೀನಿ. ಸ್ಕೂಲ್ ಮಕ್ಕಳು ಬಸ್ಸಿಗೆ ಕಾಯೋದು ಇಲ್ಲೇ. ಕಿವಿಗೇನಾಯ್ತು ಅಂತ ಕೇಳೇ ಕೇಳ್ತವೆ. ನಾನು ಹೇಳೇ ಹೇಳ್ತೀನಿ."

"ಸೀಳಿದ್ರೇನಂತೆ? ಸಿಕ್ಕಿಸಿದ್ರೆ ನಿಂತ್ಕೊಳತ್ತೆ!" ಓಂಕಾರೇಶ ಜೇಬಿನಿಂದ ಓಲೆ ತೆಗೆದು ತಾನೇ ತೊಡಿಸಲು ಹೋದ. ಬಲಗಿವಿಯ ತೂತಿಗೆ ಒಂದು ಸೇರಿತು. ಎಡಗಿವಿಗೆ ಸಿಕ್ಕಿಸಿದ ಇನ್ನೊಂದು ಸೀಳಿನಲ್ಲಿ ಜಾರಿ, ಕೆಳಗಿದ್ದ ಗೇಣಾಳದ ಕಲ್ಲುಪುಡಿಯಲ್ಲಿ ಮುಳುಗಿತು. ಇಸ್ತ್ರಿ ಮಾಡಿದ ಪ್ಯಾಂಟನ್ನೂ ಮರೆತು ಅವನು ಮಂಡಿಯೂರಿ ತಡಕಾಡತೊಡಗಿದ.

ಅಷ್ಟರಲ್ಲಿ, ಕಾರಿನಲ್ಲೇ ಕೂತಿದ್ದ ಅವನ ತಾಯಿ ಪಂಕಜಾಕ್ಷಿ ಇಳಿದು ಬಂದಿದ್ದರು. ಕಲ್ಲಾದ ಅತ್ತೆಯ ಮುಂದೆ ಬಹಳ ಹೊತ್ತು ನಿಂತರು. ಕಣ್ಣು ಒದ್ದೆಯಾಯಿತು. ಆಮೇಲೆ ನೆಲದ ಮೇಲಿದ್ದ ಮಗನನ್ನು ನೋಡಿದರು, ನಗು ತಡೆಯಲಾಗಲಿಲ್ಲ.

"ಹುಡುಕು, ಹುಡುಕು. ಅವತ್ತು ನಿಮ್ಮ ತಾತನೂ ಹಿಂಗೇ ಮಂಡಿಯೂರಿ ಹುಡುಕಿದ್ರಂತೆ. ಫೈಬರ್ ಗೀಬರ್ ಏನೂ ಬೇಡ ಕಣೋ. ಸೋಮವಾರ ಅಲ್ಲಿ ಕೂರೋದು ಇವರೇ."

ಮೂರ್ತಿಯ ಬಲಗಿವಿಯ ಓಲೆಯನ್ನೂ ಬಿಚ್ಚಿ ಮಗನ ಮುಂದೆ ಇಟ್ಟರು. ಬಳಿಕ ಎಡಗಿವಿಯ ಸೀಳಿನ ಮೇಲೆ ಬೆರಳಾಡಿಸಿ ಮಾಲಿನಿಯ ಕಡೆ ತಿರುಗಿದರು.

"ಆದ್ರೆ ಇಷ್ಟೇ ಇರ್ಲಿಲ್ಲ ಕಣಮ್ಮ. ಅವರ ತಲೆಗೆ ಎಣ್ಣೆ ಹಚ್ತಿದ್ದೋಳು ನಾನು. ಇನ್ನೊಂದು ಅಕ್ಕಿಕಾಳಿನಷ್ಟು ಮೇಲಕ್ಕೆ ಹೋಗಿತ್ತು."

ಮಾಲಿನಿ ಸೀಳಿಗೆ ಉಳಿ ಇಟ್ಟು ಸುತ್ತಿಗೆ ಎತ್ತಿದಳು. ಟಣ್. ಇನ್ನೂ ಓಲೆ ಹುಡುಕುತ್ತಿದ್ದ ಓಂಕಾರೇಶನ ತಲೆಯ ಮೇಲೆ ಚಿಟಿಕೆಯಷ್ಟು ಕಲ್ಲುಪುಡಿ ಉದುರಿತು.