ಅಕ್ಕನ ಗಿಡ

ಆಸ್ಪತ್ರೆಯವರು ಅಕ್ಕನ ಜೀನ್ ಓದಿ, ಅವಳ ಕ್ಯಾನ್ಸರಿಗೆಂದೇ ಬೆಳೆಸಿಕೊಟ್ಟ ಗಿಡಕ್ಕೆ ಮೆಂತ್ಯದ ಕಾಳಿನಷ್ಟೇ ಎಲೆ. ಪಕ್ಕದ ಮನೆಯ ಚೆನ್ನಬಸಮ್ಮನವರಿಗೂ ಅದೇ ಕಾಯಿಲೆ. ಅವರ ಗಿಡದ್ದು ವೀಳ್ಯದೆಲೆಯಷ್ಟು ಅಗಲ, ಅವರ ಕ್ಯಾನ್ಸರ್ ಗಡ್ಡೆಯೂ ಕರಗಿತ್ತು. ನನಗೆ ತಡೆಯಲಾಗಲಿಲ್ಲ. ದಾಸವಾಳದ ಕಡ್ಡಿ ಕೇಳುವಂತೆ ಕಾಂಪೌಂಡಿನ ಮೇಲಿಂದ ಒಂದು ಕಡ್ಡಿ ಕೇಳಿದೆ.

"ಕಡ್ಡಿಗೇನಮ್ಮ, ತಗೋ. ಆದ್ರೆ ಇದು ನನ್ನ ಮೈಗೆ ಅಂತ ಬೆಳೆದದ್ದು," ಎಂದರು ಅವರು.

ಆ ಕಡ್ಡಿಯ ಎಲೆ ಕಿತ್ತು ಅಕ್ಕನ ಬಾಯಿಯ ಹತ್ತಿರ ಒಯ್ದೆ. ಅವಳು ಮೂಗು ಮುಚ್ಚಿಕೊಂಡಳು.

"ಥೂ, ಸುಟ್ಟ ರಬ್ಬರ್ ವಾಸನೆ! ಕೊಲ್ತೀಯೇನೇ ನನ್ನ?"

ನನಗೆ ಯಾವ ವಾಸನೆಯೂ ಬರಲಿಲ್ಲ. ಆದರೂ ಎಲೆಯನ್ನು ದೂರ ಸರಿಸಿದೆ.

"ಔಷಧಿ ನನ್ನ ಮೈಯಲ್ಲಿ ಬೇಗ ಕರಗಲ್ಲ, ಹುಟ್ಟಿದಾಗಿಂದ ಹಾಗೇ ಅಂತ ಡಾಕ್ಟರು ಹೇಳಲಿಲ್ವಾ? ಅಷ್ಟು ದೊಡ್ಡ ಎಲೆ ಅವರಿಗೆ ಮದ್ದು, ನನಗೆ ವಿಷ," ಎಂದು ಅಕ್ಕ ತನ್ನ ಗಿಡದಿಂದ ಒಂದು ಪುಟ್ಟ ಎಲೆ ಚಿವುಟಿ ನಾಲಿಗೆಗಿಟ್ಟುಕೊಂಡಳು.

ಆಗ ಗಮನಿಸಿದೆ. ಬಿಸಿಲು ಕಿಟಕಿಯ ಕಡೆಯಿತ್ತು. ಅಕ್ಕನ ಗಿಡ ಮಾತ್ರ ಅವಳ ಮಂಚದ ಕಡೆಗೆ ಬಾಗಿತ್ತು. ಕುಂಡವನ್ನು ಕಿಟಕಿಗೆ ತಿರುಗಿಸಿಟ್ಟೆ. ಕಾಫಿ ಕಾಸಿ ತರುವಷ್ಟರಲ್ಲಿ ಅದು ಮತ್ತೆ ಅಕ್ಕನತ್ತಲೇ ಬಾಗಿ ನಿಂತಿತ್ತು.

ಅವಳಿಗೆ ಕಾಯಿಲೆ ಬಂದ ಮೇಲೆ ಮೊದಲ ಸಲ, ಅವಳನ್ನು ಆ ಗಿಡದ ಜೊತೆ ಬಿಟ್ಟು ನಾನು ತರಕಾರಿ ತರಲು ಹೊರಟೆ.