ಬೊಮ್ಮಕ್ಕನ ಎಡೆ

ಉಪದೇಶಿಗಳು ಪೊರಕೆಯ ಮೇಲೆ ಕಾಲಿಟ್ಟು ನಿಂತರು. ರೂತಮ್ಮ ಕ್ರೈಸ್ತ ದೇವಾಲಯದ ಅಂಗಳವನ್ನು ಅರ್ಧವಷ್ಟೇ ಗುಡಿಸಿದ್ದಳು.

“ಇವತ್ತು ಮಹಾಲಯ ಅಮಾವಾಸ್ಯೆ. ಸತ್ತವರಿಗಿಟ್ಟ ಎಡೆ ತಿನ್ನೋಕೆ ಪ್ರತಿ ವರ್ಷ ಬಡವನಹಳ್ಳಿಗೆ ಹೋಗ್ತೀಯಂತೆ. ಹಳೆಯದನ್ನೆಲ್ಲ ಬಿಟ್ಟು ಜ್ಞಾನಸ್ನಾನ ಪಡೆದವಳಲ್ಲವೇ ನೀನು?”

ಅವಳು ತಲೆ ತಗ್ಗಿಸಿದಳು. ಉಪದೇಶಿ ದೇವಪುತ್ರಯ್ಯನವರು ಮಧುಗಿರಿಗೆ ಹೊಸಬರು. ಆದರೂ ಒಂದನ್ನು ಗಮನಿಸಿದ್ದರು. ಕರ್ತನ ಭೋಜನದ ದಿನ ರೂತಮ್ಮ ಹಿಂದಿನ ಗೋಡೆಗೆ ಒರಗಿ ಅಳುತ್ತಾಳೆ, ರೊಟ್ಟಿಗೆ ಕೈ ಚಾಚುವುದಿಲ್ಲ. ಮಗಳು ಮಾರ್ತಾ ಬಿಟ್ಟರೆ ಪಕ್ಕದಲ್ಲಿ ಯಾರೂ ಕೂರುವುದಿಲ್ಲ.

“ಯಾರ ಎಡೆ ಅದು?”

“ಬೊಮ್ಮಕ್ಕಂದು. ಓಬಳಯ್ಯನ ಮಗಳು. ಮಾರ್ತಾ ಹುಟ್ಟೋಕೆ ಮುಂಚೇನೇ ಹೋದ್ಳು.”

“ಎಲ್ಲಿ ಹೂಳಿದರು?”

“ಹೂಳೋಕೆ ಏನೂ ಇರ್ಲಿಲ್ಲ ಅಯ್ಯಾ. ಅಪ್ಪ ತಲೆ ಬೋಳಿಸ್ಕೊಂಡ. ಮಡಕೆ ಒಡೆದ್ರು. ಅಷ್ಟೇಯ.”

“ಅವಳಿಗೂ ನಿನಗೂ ಏನು?”

“ಅವಳ ಸಾವಿಗೆ ನಾನೇ ಕಾರಣ.” ರೂತಮ್ಮನ ದನಿ ಇಳಿಯಿತು. “ಆವತ್ತು ಅಪ್ಪ ಹೊಲದಾಗಿದ್ದ. ಅವನಿಗೊಂದು ಮಾತು ಹೇಳ್ಬೇಕಿತ್ತು. ಹೇಳ್ಲಿಲ್ಲ.”

ಪೊರಕೆಯ ಮೇಲಿನ ಕಾಲು ಹಿಂದೆ ಸರಿಯಿತು.

“ಹಾಗಾದರೆ ಅವನ ಮುಂದೆ ನಿಂತು ಹೇಳು. ಕದ್ದು ಉಂಡು ಬಂದು ಇಲ್ಲಿ ಅಳೋದು ಪಶ್ಚಾತ್ತಾಪವಲ್ಲ. ಭಾನುವಾರ ಪಾದ್ರಿ ದೊರೆಗಳು ಬರ್ತಾರೆ. ಹೇಳಿ ಬಂದರೆ ರೊಟ್ಟಿ ನಿನಗೂ ಇದೆ. ಇಲ್ಲದಿದ್ದರೆ ಸಭೆಯಲ್ಲಿ ಜಾಗವಿಲ್ಲ.”

ಉಳಿದರ್ಧ ಅಂಗಳವನ್ನು ಗುಡಿಸಿಯೇ ಅವಳು ಮಗಳೊಂದಿಗೆ ಬಡವನಹಳ್ಳಿಗೆ ಹೊರಟಳು.

“ಬೊಮ್ಮಕ್ಕಂಗೆ ಏನಿಷ್ಟ ಅವ್ವ?” ದಾರಿಯಲ್ಲಿ ಮಾರ್ತಾ ಕೇಳಿದಳು.

“ಹುಚ್ಚೆಳ್ಳು ಚಟ್ನಿ.”

“ಥೂ! ನಮ್ಮನೇಲೂ ದಿನಾ ಅದೇ. ಸತ್ರೂ ತಪ್ಪಲ್ವಾ?”

ರೂತಮ್ಮ ನಕ್ಕಳು. ಆಮೇಲೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಮಗುವಿನ ತುಟಿಗೆ ಇನ್ನೊಂದು ಪ್ರಶ್ನೆ ಬಂತು. ಅವ್ವನ ಮುಖ ನೋಡಿ ಅದನ್ನು ನುಂಗಿಕೊಂಡಿತು.

ಊರಾಚೆಯ ಹುಣಸೆಮರದ ಕೆಳಗೆ ಓಬಳಯ್ಯ ಮುತ್ತುಗದ ಎಲೆ ಹಾಸಿ ಎಡೆ ಬಡಿಸಿದ. ಎಂದಿನಂತೆ ಬೆನ್ನು ತಿರುಗಿಸಿ ಕೂತು ಗಟ್ಟಿಯಾಗಿ ಕೆಮ್ಮಿದ. ಪ್ರತಿ ವರ್ಷ ಆ ಕೆಮ್ಮು ಕೇಳಿದ ಮೇಲೆಯೇ ರೂತಮ್ಮ ತಂಗಡಿ ಪೊದೆಯ ಮರೆಯಿಂದ ಸದ್ದಿಲ್ಲದೆ ಬರುತ್ತಿದ್ದಳು. ಈ ಸಲ ಬಳೆ ಸದ್ದಾಗುವಂತೆಯೇ ಬಂದು ನಿಂತಳು.

“ತಪ್ಪಾಯ್ತು. ಆವತ್ತು ಜ್ಞಾನಸ್ನಾನಕ್ಕೆ ಹೋಗೋ ಮುಂಚೇನೇ ಹೇಳ್ಬೇಕಿತ್ತು. ತಪ್ಪಾಯ್ತು.”

ಮುದುಕನ ಭುಜ ಅಲುಗಿತು. ಮುಖ ತಿರುಗಲಿಲ್ಲ.

“ಮಾತಾಡ್ಬಾರ್ದು ಅಂತ ಕುಲದೋರು ಕಟ್ಟು ಮಾಡವ್ರೆ,” ಎಂದು ಹುಣಸೆಮರಕ್ಕೆ ಹೇಳಿದ. “ಉಣ್ಣಾಕಿಕ್ಬಾರ್ದು ಅಂತ ಮಾಡಿಲ್ಲ.”

ಆಮೇಲೆ, ಕಾಗೆ ಕರೆಯುವವನಂತೆ ಆಕಾಶ ನೋಡಿ ಕೂಗಿದ: “ಬೊಮ್ಮಕ್ಕಾ... ಉಣ್ಣು ಬಾರವ್ವಾ. ಮಗೀಗೂ ಇಕ್ಕಿವ್ನಿ.”

ಕಾಗೆ ಬರಲಿಲ್ಲ.

“ಬಂದೆ ಅಪ್ಪಯ್ಯಾ,” ಎಂದು ರೂತಮ್ಮ ಎಲೆಯ ಮುಂದೆ ಕೂತಳು.

ದೊಡ್ಡೆಲೆಯ ಪಕ್ಕದಲ್ಲಿ ಈ ವರ್ಷ ಪುಟ್ಟದೊಂದು ಎಲೆಯಿತ್ತು. ಮಾರ್ತಾ ಅದನ್ನು ನೋಡಿದಳು, ಅವ್ವನನ್ನು ನೋಡಿದಳು, ಕೊನೆಗೂ ಕೇಳಿಯೇಬಿಟ್ಟಳು:

“ಅವ್ವಾ, ನೀನೂ ನಾನೂ ಯಾವಾಗ ಸತ್ತೋದ್ವಿ?”